‘ಸರ್ವರ್ ಲೇದು’ ಅನ್ನೋ ಮಾತಿನ ಹಿಂದೆ

ನಮ್ಮ ಸಾದಲಿ ಕಡೆ ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತೆ. ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಂತವರು, ನಾಡಕಚೇರಿಗೆ ಆದಾಯ ಪ್ರಮಾಣಪತ್ರಕ್ಕೆ ಹೋದವರು, ಪಹಣಿಗೆ ಅಂತ ಬೆಳಿಗ್ಗೆಯೇ ಬಸ್ಸು ಹತ್ತಿದವರು, ಎಲ್ಲರೂ ಒಂದಲ್ಲ ಒಂದು ದಿನ ಕೇಳಿರೋ ಮಾತು ಇದು: ‘ಸರ್ವರ್ ಲೇದು.’ ಕನ್ನಡದಲ್ಲಿ ಕೇಳಿದರೆ, ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಮಳೆ ಇಲ್ಲ, ಕರೆಂಟ್ ಇಲ್ಲ ಅಂದ ಹಾಗೆಯೇ ಇದೂ ಒಂದು.

ನಮ್ಮಜ್ಜಿ ಒಂದು ಸಲ ಪಿಂಚಣಿ ವಿಷಯಕ್ಕೆ ಹೋಗಿ ಮೂರನೇ ಬಾರಿ ಬರಿಗೈಲಿ ವಾಪಸ್ ಬಂದು ನನ್ನನ್ನ ಕೇಳಿದ್ದರು: ‘ಆ ಸರ್ವರ್ ಅನ್ನೋನು ಯಾವಾಗ ನೋಡಿದ್ರೂ ರಜ ಹಾಕಿರ್ತಾನಲ್ಲ, ಅವನಿಗೆ ಸಂಬಳ ಹೆಂಗಪ್ಪಾ ಕೊಡ್ತಾರೆ?’ ಅವರ ಲೆಕ್ಕದಲ್ಲಿ ಸರ್ವರ್ ಅಂದ್ರೆ ಹೋಟೆಲಲ್ಲಿ ದೋಸೆ ತಂದಿಡೋ ಹುಡುಗನ ಥರ ಒಬ್ಬ ಮನುಷ್ಯ. ನಾನಾಗ ಇಂಜಿನಿಯರಿಂಗ್ ಮೂರನೇ ವರ್ಷ. ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ.

ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ಕೆಲಸ ಮಾಡೋ ಸರ್ವರ್‌ಗಳು ಎಲ್ಲಿವೆ ಅಂತ ನನಗೇ ಗೊತ್ತಿಲ್ಲ. ಮುಂಬೈಯಲ್ಲೋ ಸಿಂಗಪುರದಲ್ಲೋ ಇರ್ತವೆ. ಒಂದು ಕೆಟ್ಟರೆ ಇನ್ನೊಂದು ತಾನಾಗಿ ಎದ್ದು ನಿಲ್ಲುತ್ತೆ. ಆದ್ದರಿಂದ ನಾಲ್ಕೈದು ವರ್ಷದ ಹಿಂದೆ ಊರ ಕಡೆಯ ಒಂದು ಪತ್ತಿನ ಸಹಕಾರ ಸಂಘದವರು ‘ನಮಗೂ ಒಂದು ಸರ್ವರ್ ಹಾಕ್ಕೊಡಪ್ಪಾ’ ಅಂದಾಗ, ಶನಿವಾರ–ಭಾನುವಾರ ಎರಡು ದಿನದ ಕೆಲಸ ಅಂದ್ಕೊಂಡೆ. ಎರಡು ದಿನದ ಕೆಲಸವೇ ಆಗಿತ್ತು ಬಿಡಿ. ಆಮೇಲಿನದು ಇವತ್ತಿಗೂ ಮುಗಿದಿಲ್ಲ.

ಸಂಘದ ಹೆಸರು ಬೇಡ. ಸೆಕ್ರೆಟರಿ ನನಗೆ ಅಮ್ಮನ ಕಡೆಯಿಂದ ಮಾವ ಆಗಬೇಕು, ಆದ್ದರಿಂದ ಇಲ್ಲಿ ಮಾವ ಅಂತಲೇ ಬರೀತೀನಿ. ಐದು ಕಂಪ್ಯೂಟರ್, ಎರಡು ಪ್ರಿಂಟರ್, ಒಂದು ಕ್ಯಾಷ್ ಕೌಂಟರ್. ಸದಸ್ಯರಲ್ಲಿ ಹೆಚ್ಚಿನವರು ಹಿಪ್ಪುನೇರಳೆ ಸೊಪ್ಪು ಬೆಳೆದು ಹುಳ ಸಾಕೋರು, ಹಸು ಕಟ್ಟಿರೋರು. ಗೂಡು ಮಾರಿದ ದಿನ ಕಂತು ಕಟ್ತಾರೆ, ಹೊಸ ಮೊಟ್ಟೆ ತರೋ ದಿನ ಸಾಲಕ್ಕೆ ಬರ್ತಾರೆ. ಮಧ್ಯೆ ಕಷ್ಟ ಬಂದರೆ ಕಿವಿಯೋಲೆ, ಸರ ಅಡವಿಡ್ತಾರೆ. ಇಷ್ಟೂ ಜನರ ಲೆಕ್ಕ ಅದುವರೆಗೆ ಒಂದೇ ಕಂಪ್ಯೂಟರಿನಲ್ಲಿತ್ತು. ಉಳಿದ ನಾಲ್ಕು ಜನ ಆ ಒಂದರ ಮುಂದೆ ಸರದಿಯಲ್ಲಿ ಕೂರಬೇಕಿತ್ತು.

‘ಇದನ್ನೆಲ್ಲ ಕ್ಲೌಡ್‌ಗೆ ಹಾಕಬಾರದಿತ್ತಾ?’ ಅಂತ ನೀವು ಕೇಳ್ತೀರಿ, ನನ್ನ ಸಹೋದ್ಯೋಗಿಗಳೂ ಕೇಳಿದರು. ಆಗ ಅಲ್ಲಿದ್ದ ಇಂಟರ್‌ನೆಟ್ ನೋಡಿದ್ರೆ ಕೇಳ್ತಿರಲಿಲ್ಲ. ಫೈಬರ್ ತಂತಿ ಕರೆಂಟ್ ಕಂಬದ ಮೇಲೆ ಬರುತ್ತೆ. ರಸ್ತೆ ಅಗಲ ಮಾಡೋಕೆ ಜೆಸಿಬಿ ಬಂದರೆ ಮೂರು ದಿನ ಇಲ್ಲ, ಕೋತಿ ಜೋತುಬಿದ್ದರೆ ಅರ್ಧ ದಿನ ಇಲ್ಲ. ಹೊರಗಿನ ಸಂಪರ್ಕ ಸತ್ತರೂ ಕ್ಯಾಷ್ ಕೌಂಟರ್ ನಡೀಬೇಕು ಅಂದ್ರೆ ಲೆಕ್ಕ ಇಟ್ಟಿರೋ ಯಂತ್ರ ಅದೇ ಕಟ್ಟಡದಲ್ಲಿ ಇರಬೇಕು. ಸರಳ ಲೆಕ್ಕ.

ಹಾಗೇ ಒಂದು ಟವರ್ ಸರ್ವರ್ ತಂದೆವು. ಎರಡು ಹಾರ್ಡ್ ಡಿಸ್ಕ್, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಕನ್ನಡಿಯ ಹಾಗೆ ಬೀಳೋ ವ್ಯವಸ್ಥೆ. ಒಂದು ಸ್ವಿಚ್, ಒಂದು ರೂಟರ್, ಒಂದು ಕೆವಿಎ ಯುಪಿಎಸ್, ಹೊರಗಡೆ ಸಿಕ್ಕಿಸೋ ಒಂದು ಬ್ಯಾಕಪ್ ಡಿಸ್ಕ್. ಭಾನುವಾರ ಸಂಜೆ ಐದೂ ಕಂಪ್ಯೂಟರಿನಲ್ಲಿ ಒಂದೇ ಲೆಕ್ಕ ಕಾಣಿಸಿದಾಗ ಮಾವ ಕುಂಕುಮ ಇಟ್ಟು ಕಾಯಿ ಒಡೆದರು. ನಾನು ಫೋಟೋ ತೆಗೆದು ಸ್ಟೇಟಸ್ ಹಾಕ್ದೆ.

ಗುಂಡಿಗೆ ನೀರು ಹುಯ್ಯೋ ಕೆಲಸ

ಮೊದಲ ತಿಂಗಳಿನಲ್ಲೇ ಸರ್ವರ್ ಒಂಬತ್ತು ಸಲ ತಾನಾಗಿ ಆಫ್ ಆಯ್ತು. ಯುಪಿಎಸ್ ಇದ್ದೂ!

ನಮ್ಮ ಕಡೆ ಹಳ್ಳಿ ಕರೆಂಟಿನ ಕಥೆ ಗೊತ್ತಿರೋರಿಗೆ ಗೊತ್ತು. ಪಂಪ್‌ಸೆಟ್‌ಗಳಿಗೆ ದಿನಕ್ಕೆ ಇಷ್ಟು ಗಂಟೆ ಅಂತ ತ್ರೀ ಫೇಸ್ ಕೊಡ್ತಾರೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನನ್ನ ಪಂಪ್‌ಸೆಟ್ ಲೈನಿನಿಂದ ಬೇರೆ ಮಾಡಿದ ಮೇಲೆ ಎಷ್ಟೋ ವಾಸಿ. ಆದರೂ ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿಯೋದು ತಪ್ಪಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿರೋದು ಹೊಸ ವಿಷಯವೇನಲ್ಲ. ಅಷ್ಟು ಆಳದಿಂದ ನೀರೆತ್ತೋ ಮೋಟಾರ್‌ಗಳೆಲ್ಲ ಒಟ್ಟಿಗೇ ಶುರುವಾದರೆ ಸುತ್ತಲಿನ ಟ್ಯೂಬ್‌ಲೈಟ್‌ಗಳು ಕಣ್ಣು ಮಿಟುಕಿಸ್ತವೆ. ಟ್ಯೂಬ್‌ಲೈಟ್ ಮಿಟುಕಿಸಿದ್ರೆ ಪರವಾಗಿಲ್ಲ. ಸರ್ವರ್ ಬರೆಯೋ ಹೊತ್ತಲ್ಲಿ ಕರೆಂಟ್ ಹೋದರೆ ಅರ್ಧ ಬರೆದ ಲೆಕ್ಕ ಅರ್ಧಕ್ಕೇ ಉಳಿಯುತ್ತೆ.

ಯುಪಿಎಸ್ ಇರೋದು ಅದಕ್ಕೇ. ಆದರೆ ನಾನು ಹೋಗಿ ನೋಡಿದರೆ ಅದೇ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಸಿಕ್ಕಿಸಿದ್ದರು. ಲೇಸರ್ ಪ್ರಿಂಟರ್ ಒಳಗಿನ ರೋಲರ್ ಬಿಸಿ ಮಾಡ್ಕೊಳ್ಳೋಕೆ ಒಂದೇ ಸಲ ಜಾಸ್ತಿ ಕರೆಂಟ್ ಎಳೆಯುತ್ತೆ. ಯಾರೋ ಪಾಸ್‌ಬುಕ್ ವಿವರ ಪ್ರಿಂಟ್ ಕೊಟ್ಟರೆ ಯುಪಿಎಸ್ ಕೀಂ ಅಂತ ಕಿರುಚಿ ಕೈ ಎತ್ತಿಬಿಡ್ತಿತ್ತು, ಜೊತೆಗೆ ಸರ್ವರ್ರೂ. ಪ್ರಿಂಟರ್ ತೆಗೆಸಿ ಆ ಪ್ಲಗ್ ಪಾಯಿಂಟಿಗೆ ಕೆಂಪು ಟೇಪ್ ಹೊಡೆದೆ.

ಒಂಬತ್ತರಲ್ಲಿ ಆರು ಸಲದ ಕಾರಣ ಅದು. ಉಳಿದ ಮೂರು ಯಾಕೆ ಅಂತ ಕಂಡುಹಿಡಿಯೋಕೆ ಎರಡು ತಿಂಗಳು ಬೇಕಾಯ್ತು. ಕೊನೆಗೆ ಊರಿನ ವೈರಿಂಗ್ ಕೆಲಸದವರೊಬ್ಬರು ಮಲ್ಟಿಮೀಟರ್ ತಂದು ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಇಟ್ಟು ತೋರಿಸಿದರು. 18 ವೋಲ್ಟ್! ಎರಡು–ಮೂರರ ಒಳಗಿರಬೇಕಾದ್ದು. ಕಟ್ಟಡದ ಹಿಂದೆ ಉಪ್ಪು, ಇದ್ದಿಲು ಹಾಕಿ ಮಾಡಿದ ಅರ್ಥಿಂಗ್ ಗುಂಡಿ ಬೇಸಿಗೆಗೆ ಪೂರಾ ಒಣಗಿಹೋಗಿತ್ತು. ಒಣ ಮಣ್ಣು ಕರೆಂಟನ್ನ ಭೂಮಿಗೆ ಬಿಡೋದಿಲ್ಲ. ಅವರು ಉಪ್ಪು ಹಾಕಿ ನಾಲ್ಕು ಕೊಡ ನೀರು ಹುಯ್ದರು. ಮಾರನೇ ದಿನ ನೋಡಿದ್ರೆ 3 ವೋಲ್ಟ್.

ನಾಲ್ಕು ವರ್ಷ ಓದಿ, ಆಮೇಲೆ ಇಷ್ಟು ವರ್ಷ ಕೆಲಸ ಮಾಡಿ, ಸರ್ವರ್ ಚೆನ್ನಾಗಿರಬೇಕಾದ್ರೆ ಗುಂಡಿಗೆ ನೀರು ಹುಯ್ಯಬೇಕು ಅನ್ನೋದು ನನಗೆ ಹೊಳೆದಿರಲಿಲ್ಲ. ಈಗ ಬೇಸಿಗೆಯಲ್ಲಿ ಪ್ರತಿ ಸೋಮವಾರ ಎರಡು ಕೊಡ.

ಶಾಖದ ಕಥೆಯೂ ಹೀಗೇ. ಸರ್ವರ್‌ಗೆ ಒಳಗೆ ಹೋಗೋ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಒಳ್ಳೇದು ಅಂತ ಪುಸ್ತಕ ಹೇಳುತ್ತೆ. ಶೀಟ್ ಹೊದಿಸಿದ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ 27 ಎಲ್ಲಿಂದ ತರೋದು? ಸರ್ವರನ್ನ ಮಾವನ ಕೋಣೆಗೆ ಸಾಗಿಸಿದೆವು, ಅಲ್ಲಿ ಆರ್‌ಸಿಸಿ ಇತ್ತು. ಆಗ ಧೂಳು ಬೀಳದಿರಲಿ ಅಂತ ಯಾರೋ ಪ್ರೀತಿಯಿಂದ ಅದರ ಮೇಲೆ ಕ್ರೋಷಾ ಹೆಣೆದ ಬಟ್ಟೆ ಹೊದಿಸಿದರು, ಟಿವಿಗೆ ಹೊದಿಸೋ ಹಾಗೆ. ಗಾಳಿ ಹೋಗೋ ಕಿಂಡಿಗಳೆಲ್ಲ ಬಂದ್. ಆಯುಧಪೂಜೆಗೆ ಕೋಣೆ ತೊಳೀಬೇಕು ಅಂತ ಪ್ಲಗ್ ಕಿತ್ತು, ತೊಳೆದು, ವಿಭೂತಿ ಪಟ್ಟೆ ಎಳೆದು, ನಿಂಬೆಹಣ್ಣು ಇಟ್ಟು ವಾಪಸ್ ಸಿಕ್ಕಿಸಿದರು. ಪೂಜೆಗೆ ನನ್ನ ತಕರಾರಿಲ್ಲ, ಪ್ಲಗ್ ಕೀಳೋ ಮುಂಚೆ ಶಟ್‌ಡೌನ್ ಮಾಡಿ ಅಂತ ಮಾತ್ರ ಕೈ ಮುಗಿದು ಹೇಳಿದೆ.

ಇಬ್ಬರು ಯಜಮಾನರು

ಒಂದು ಬುಧವಾರ ಬೆಳಿಗ್ಗೆ ನಾನು ಆಫೀಸಿನ ಮೀಟಿಂಗಿನಲ್ಲಿದ್ದಾಗ ಮಾವನ ಫೋನ್. ಮೂರು ಕಂಪ್ಯೂಟರಿನಲ್ಲಿ ಸರ್ವರ್ ಇದೆ, ಎರಡರಲ್ಲಿ ಇಲ್ಲ. ಮಧ್ಯಾಹ್ನಕ್ಕೆ ತಿರುಗುಮುರುಗಾಯ್ತು. ಆ ಮೂರರಲ್ಲಿ ಒಂದು ಹೋಯ್ತು, ಈ ಎರಡರಲ್ಲಿ ಒಂದು ಬಂತು. ದೆವ್ವದ ಕಾಟ ಅಂದ್ರೂ ನಂಬೋ ಹಾಗಿತ್ತು.

ಆಫೀಸಿನ ನೆಟ್‌ವರ್ಕ್ ಅಂದ್ರೆ ಒಂದು ಬೀದಿ ಅಂದ್ಕೊಳ್ಳಿ. ಪ್ರತಿ ಕಂಪ್ಯೂಟರಿಗೂ ಒಂದು ಮನೆ ನಂಬರ್ ಬೇಕು, 192.168 ಅಂತ ಶುರುವಾಗೋ ವಿಳಾಸ. ಆ ನಂಬರ್ ಹಂಚೋ ಯಜಮಾನ ರೂಟರ್ ಒಳಗೆ ಕೂತಿರ್ತಾನೆ, ಅವನ ಹೆಸರು ಡಿಎಚ್‌ಸಿಪಿ. ಬೀದಿಗೆ ಯಜಮಾನ ಒಬ್ಬನೇ ಇರಬೇಕು. ಕ್ಯಾಷ್ ಕೌಂಟರಿನ ಹುಡುಗ ತನ್ನ ಮೊಬೈಲಿಗೆ ವೈಫೈ ಸಿಗಲಿ ಅಂತ ಮನೆಯಲ್ಲಿದ್ದ ಹಳೇ ರೂಟರ್ ತಂದು ಸ್ವಿಚ್ಚಿಗೆ ಸಿಕ್ಕಿಸಿದ್ದ. ಅದರೊಳಗೂ ಒಬ್ಬ ಯಜಮಾನ. ಯಾರು ಮೊದಲು ಉತ್ತರ ಕೊಟ್ಟರೋ ಅವರ ನಂಬರ್ ಕಂಪ್ಯೂಟರಿಗೆ ಸಿಕ್ಕುತ್ತೆ. ತಪ್ಪು ಯಜಮಾನನ ಕೈಲಿ ನಂಬರ್ ತಗೊಂಡ ಕಂಪ್ಯೂಟರ್ ಬೇರೆ ಬೀದಿಯಲ್ಲಿ ನಿಂತು ಸರ್ವರನ್ನ ಹುಡುಕುತ್ತೆ.

ಇದನ್ನ ಕಂಡುಹಿಡಿದು ಆ ರೂಟರಿನ ಪ್ಲಗ್ ಕೀಳಿಸೋಕೆ ಫೋನಿನಲ್ಲಿ ನಾಲ್ಕು ಗಂಟೆ ಹಿಡೀತು. ಯಾವ ತಂತಿ ಎಲ್ಲಿಗೆ ಹೋಗುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಕುವಾಗ ನನಗೆ ಗೊತ್ತಿತ್ತು, ಬರೆದಿಟ್ಟಿರಲಿಲ್ಲ. ಮುಂದಿನ ಶನಿವಾರ ಹೋಗಿ ಪ್ರತಿ ತಂತಿಯ ಎರಡೂ ತುದಿಗೆ ಚೀಟಿ ಅಂಟಿಸಿದೆ. ಸರ್ವರ್‌ಗೂ ಪ್ರಿಂಟರಿಗೂ ಬದಲಾಗದ ವಿಳಾಸ ಕೊಟ್ಟೆ. ಆ ಹುಡುಗನಿಗೆ ಬೇರೆ ವೈಫೈ ಮಾಡಿಕೊಟ್ಟೆ, ಇಲ್ಲದಿದ್ದರೆ ಇನ್ನೊಂದು ರೂಟರ್ ತರ್ತಾನೆ.

ದೂರದಿಂದ ನೋಡೋಕೆ ಅಂತ ನಾನೇ ಒಂದು ದಡ್ಡ ಕೆಲಸ ಮಾಡಿದ್ದೆ. ಬೆಂಗಳೂರಿನಿಂದ ಸರ್ವರ್ ಪರದೆ ಕಾಣಲಿ ಅಂತ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲನ್ನ, ಅಂದ್ರೆ 3389ನೇ ಪೋರ್ಟನ್ನ, ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಟ್ಟೆ. ಒಂದು ವಾರ ಬಿಟ್ಟು ಲಾಗ್ ತೆಗೆದು ನೋಡಿದರೆ ಗುರುತಿಲ್ಲದ ದೇಶಗಳಿಂದ ಸಾವಿರಾರು ಸಲ ಪಾಸ್‌ವರ್ಡ್ ಪ್ರಯತ್ನ. ಯಾರೂ ಸಂಘದ ಮೇಲೆ ಕಣ್ಣಿಟ್ಟು ಬಂದವರಲ್ಲ. ತೆರೆದ ಬಾಗಿಲು ಹುಡುಕೋದನ್ನೇ ಕೆಲಸ ಮಾಡ್ಕೊಂಡಿರೋ ಪ್ರೋಗ್ರಾಂಗಳು ಇಡೀ ಇಂಟರ್‌ನೆಟ್ ಸುತ್ತುತ್ತಾ ಇರ್ತವೆ. ನಮ್ಮ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರ್ ಹಿಂದೆ ಬರೆದಿತ್ತು, ಅದು ಏನು ಅಂತ ಇಲ್ಲಿ ಹೇಳೋಕೆ ನಾಚಿಕೆ. ಅವತ್ತೇ ಬಾಗಿಲು ಮುಚ್ಚಿ ವಿಪಿಎನ್ ಹಾಕಿದೆ.

ಅಪ್‌ಡೇಟ್ ಬಗ್ಗೆ ಒಂದೇ ಮಾತು. 2017ರ ಮೇ 12ರಂದು ಜಗತ್ತಿನ ಲಕ್ಷಾಂತರ ಕಂಪ್ಯೂಟರಿಗೆ ಬೀಗ ಹಾಕಿದ ವನ್ನಾಕ್ರೈ ಬಂದಾಗ, ಅದು ನುಗ್ಗಿದ ತೂತಿಗೆ ತೇಪೆಯನ್ನ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್ 14ಕ್ಕೇ ಕೊಟ್ಟಿತ್ತು. ಹಾಕಿಕೊಳ್ಳದೆ ಇದ್ದವರೇ ಸಿಕ್ಕಿಬಿದ್ದರು. ಹಾಗಂತ ಸೋಮವಾರ ಬೆಳಿಗ್ಗೆ ಕೌಂಟರ್ ತುಂಬ ಜನ ಇರುವಾಗ ಸರ್ವರ್ ತಾನಾಗಿ ಅಪ್‌ಡೇಟ್ ಹಾಕಿಕೊಂಡು ನಲವತ್ತು ನಿಮಿಷ ನೀಲಿ ಪರದೆ ತೋರಿಸುತ್ತಾ ಕೂತರೆ ಮಾವನಿಗೆ ಬೈಗುಳ ಯಾರ ಕೈಲಿ ಬೀಳುತ್ತೆ ಗೊತ್ತಲ್ಲ. ನಾವು ತಿಂಗಳ ಎರಡನೇ ಶನಿವಾರ ಸಂಜೆ ಅಂತ ಗೊತ್ತು ಮಾಡಿದೆವು.

ಆ ಮಾರ್ಚ್

ಇಷ್ಟೆಲ್ಲ ಆದ ಮೇಲೆ ಒಂದು ವರ್ಷಕ್ಕೂ ಮೇಲೆ ಸರ್ವರ್ ಅಲುಗಾಡದೆ ನಿಂತಿತ್ತು. ನಾನು ಅದನ್ನ ಮರೆತೆ. ತಪ್ಪಾಗಿದ್ದು ಅಲ್ಲೇ.

ಎರಡು ವರ್ಷದ ಹಿಂದೆ, ಮಾರ್ಚ್ ಕೊನೇ ವಾರ. ಲೆಕ್ಕದ ವರ್ಷ ಮುಗಿಯೋ ಹೊತ್ತು, ಬಡ್ಡಿ ಹಾಕಬೇಕು, ಆಡಿಟ್‌ಗೆ ಸಿದ್ಧ ಆಗಬೇಕು. ಬೆಳಿಗ್ಗೆ ಒಂಬತ್ತೂಕಾಲಿಗೆ ಮಾವನ ಫೋನ್: ‘ಕಪ್ಪಗಿದೆಯಪ್ಪಾ. ಬಿಳೀ ಅಕ್ಷರದಲ್ಲಿ ಏನೋ ಬರೆದಿದೆ.’ ಫೋಟೋ ಕಳಿಸಿದರು. ಡಿಸ್ಕ್ ಸಿಗುತ್ತಿಲ್ಲ ಅಂತ ಬರೆದಿತ್ತು.

ಒಂದು ಡಿಸ್ಕ್ ಹೋದರೆ ಇನ್ನೊಂದು ಇರುತ್ತಲ್ಲ ಅಂತ ನನಗೆ ಧೈರ್ಯ. ರಜ ಹಾಕಿ ಹೋಗಿ ನೋಡಿದರೆ ಎರಡೂ ಹೋಗಿದ್ದವು. ಮೊದಲನೆಯದು ಹೋಗಿ ಎಷ್ಟೋ ವಾರ ಆಗಿತ್ತು. ‘ಅವಾಗ ಕುಂಯ್ ಕುಂಯ್ ಅಂತ ಸದ್ದು ಬರ್ತಿತ್ತಣ್ಣ, ತಲೆನೋವು ಬರ್ತಿತ್ತು, ಸೌಂಡ್ ತೆಗೆಸಿಬಿಟ್ವಿ’ ಅಂದ ಕೌಂಟರ್ ಹುಡುಗ. ಆ ಸದ್ದೇ ಎಚ್ಚರಿಕೆ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಎರಡು ಡಿಸ್ಕನ್ನೂ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಪೆಟ್ಟಿಗೆಯಿಂದ ತಂದಿದ್ದೆ. ಒಂದೇ ಶಾಖ, ಒಂದೇ ಧೂಳು, ಒಂದೇ ಏರಿಳಿಯೋ ಕರೆಂಟ್ ತಿಂದು ಬೆಳೆದ ಅಣ್ಣತಮ್ಮ. ಒಬ್ಬನ ಹಿಂದೆ ಇನ್ನೊಬ್ಬ ಹೋದ.

ಸರಿ, ಬ್ಯಾಕಪ್ ಡಿಸ್ಕ್ ಇದೆ. ಪ್ರತಿ ರಾತ್ರಿ ಎಂಟಕ್ಕೆ ಇಡೀ ಲೆಕ್ಕವನ್ನ ಅದಕ್ಕೆ ನಕಲು ಮಾಡೋ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೆ. ಡಿಸ್ಕ್ ತೆರೆದೆ. ಕೊನೇ ಕಡತದ ದಿನಾಂಕ ಜನವರಿ 10.

ಮೈ ತಣ್ಣಗಾಯ್ತು ಅಂತಾರಲ್ಲ, ಅದು ಏನು ಅಂತ ಅವತ್ತು ಗೊತ್ತಾಯ್ತು.

ಆಗಿದ್ದು ಇಷ್ಟು. ನನ್ನ ಸ್ಕ್ರಿಪ್ಟ್ ‘ಇ ಡ್ರೈವ್‌ಗೆ ಬರೆ’ ಅಂತ ಹೇಳ್ತಿತ್ತು. ಜನವರಿ 11ಕ್ಕೆ ಆಗಿನ ಆಪರೇಟರ್ ಬ್ಯಾಕಪ್ ಡಿಸ್ಕನ್ನ ಕಿತ್ತು ಆ ಜಾಗಕ್ಕೆ ತನ್ನ ಪೆನ್‌ಡ್ರೈವ್ ಹಾಕಿದ್ದ. ಅಕ್ಕನ ಮದುವೆ ಕಾರ್ಡಿನ ಡಿಸೈನ್ ನೋಡೋಕೆ. ವಿಂಡೋಸ್ ಖಾಲಿಯಾದ ‘ಇ’ ಅಕ್ಷರವನ್ನ ಪೆನ್‌ಡ್ರೈವ್‌ಗೆ ಕೊಟ್ಟಿತು. ಡಿಸ್ಕನ್ನ ಬೇರೆ ಕಡೆ ಸಿಕ್ಕಿಸಿದಾಗ ಅದಕ್ಕೆ ‘ಎಫ್’ ಸಿಕ್ಕಿತು, ಮುಂದೆ ಅದೇ ನೆನಪಿಟ್ಟುಕೊಂಡಿತು. ಅವತ್ತು ರಾತ್ರಿ ಎಂಟಕ್ಕೆ ಸಂಘದ ಇಡೀ ಲೆಕ್ಕ ಮದುವೆ ಕಾರ್ಡಿನ ಪಕ್ಕ ಹೋಗಿ ಕೂತಿತು. ಮಾರನೇ ದಿನ ಪೆನ್‌ಡ್ರೈವ್ ಪ್ರಿಂಟಿಂಗ್ ಅಂಗಡಿಗೆ ಹೋಯ್ತು. ಆಮೇಲೆ ಪ್ರತಿ ರಾತ್ರಿ ಸ್ಕ್ರಿಪ್ಟ್ ಎದ್ದು, ‘ಇ’ ಹುಡುಕಿ, ಸಿಗದೆ, ಒಂದು ಲಾಗ್ ಕಡತದಲ್ಲಿ ‘ಆಗಲಿಲ್ಲ’ ಅಂತ ಬರೆದು ಮಲಗ್ತಿತ್ತು. ಆ ಲಾಗನ್ನ ನೋಡಬೇಕಾದವನು ನಾನು. ಎರಡೂವರೆ ತಿಂಗಳು ನೋಡಿರಲಿಲ್ಲ.

ಪೆನ್‌ಡ್ರೈವ್ ಸಿಕ್ಕಿತು. ಪ್ರಿಂಟಿಂಗ್ ಅಂಗಡಿಯ ಡ್ರಾಯರಿನಲ್ಲಿ, ಹತ್ತಾರು ಪೆನ್‌ಡ್ರೈವ್‌ಗಳ ಮಧ್ಯೆ. ಸದಸ್ಯರೆಲ್ಲರ ಹೆಸರು, ಸಾಲ, ಆಧಾರ್ ನಂಬರ್ ಸಮೇತ ಅಲ್ಲಿ ಬಿದ್ದಿತ್ತು. ಬೇರೆ ಯಾರೂ ತೆರೆದಿರಲಿಕ್ಕಿಲ್ಲ ಅಂದ್ಕೊಂಡಿದ್ದೀನಿ. ಖಚಿತವಾಗಿ ಹೇಳೋಕೆ ಆಗಲ್ಲ, ಅದನ್ನ ನೆನೆಸಿಕೊಂಡರೆ ಇವತ್ತಿಗೂ ನಿದ್ದೆ ಕೆಡುತ್ತೆ. ಅದರಿಂದ ಲೆಕ್ಕ ಒಂದು ದಿನ ಮುಂದಕ್ಕೆ ಬಂತು, ಜನವರಿ 11ರವರೆಗೆ. ಆಮೇಲಿನದು ಇಲ್ಲ. ಸತ್ತ ಡಿಸ್ಕಿನಿಂದ ಮಾಹಿತಿ ತೆಗೆಯೋ ಬೆಂಗಳೂರಿನ ಒಬ್ಬರು ಹತ್ತಾರು ಸಾವಿರ ಕೇಳಿದರು, ಗ್ಯಾರಂಟಿ ಇಲ್ಲ ಅಂದರು, ಮೂರು ವಾರ ಬೇಕು ಅಂದರು. ನಮಗಿದ್ದದ್ದು ಐದು ದಿನ.

ಆಗ ಮಾವ ಎದ್ದು ಒಳಗೆ ಹೋಗಿ ಬೀರು ತೆರೆದರು.

ಅವರು ಹಳೇ ಕಾಲದ ಗುಮಾಸ್ತರು. ಕಿರ್ದಿ, ಖಾತೆ ಕೈಯಲ್ಲಿ ಬರೆದು ಬೆಳೆದವರು. ಕಂಪ್ಯೂಟರ್ ಬಂದ ಮೇಲೂ ದಿನಾ ಸಂಜೆ ಅವತ್ತಿನ ಜಮಾ–ಖರ್ಚಿನ ಹಾಳೆ ಪ್ರಿಂಟ್ ತೆಗೆದು, ಕ್ಯಾಷ್ ಎಣಿಸಿ, ತಾಳೆ ನೋಡಿ, ಸಹಿ ಹಾಕಿ, ತಿಂಗಳಿಗೊಂದು ಕಟ್ಟು ಮಾಡಿ ದಾರ ಬಿಗಿದು ಇಡ್ತಿದ್ದರು. ‘ಸುಮ್ನೆ ಪೇಪರ್ ವೇಸ್ಟ್ ಮಾವ, ಎಲ್ಲ ಸರ್ವರಲ್ಲೇ ಇರುತ್ತೆ’ ಅಂತ ನಾನು ಎಷ್ಟು ಸಲ ಹೇಳಿದ್ದೆನೋ. ಅವರು ಒಂದು ಮಾತೂ ಆಡದೆ ಮೂರು ಕಟ್ಟು ತಂದು ನನ್ನ ಮುಂದೆ ಇಟ್ಟರು. ಜನವರಿ, ಫೆಬ್ರವರಿ, ಮಾರ್ಚ್.

ನಾಲ್ಕು ದಿನ, ನಾಲ್ಕು ರಾತ್ರಿ. ಹೊಸ ಡಿಸ್ಕ್ ಹಾಕಿ, ಜನವರಿ 11ರ ಲೆಕ್ಕ ಇಳಿಸಿ, ಒಂದೊಂದೇ ಹಾಳೆ ನೋಡಿ ಐದು ಜನ ಟೈಪ್ ಮಾಡಿದೆವು. ಅತ್ತೆ ಮನೆಯಿಂದ ಮುದ್ದೆ ಸಾರು ಕಳಿಸ್ತಿದ್ದರು. ಮೂರನೇ ರಾತ್ರಿ ಎರಡು ಗಂಟೆಗೆ ಒಟ್ಟು ಮೊತ್ತದಲ್ಲಿ 340 ರೂಪಾಯಿ ವ್ಯತ್ಯಾಸ. ಬಿಟ್ಟುಬಿಡೋಣ, ನಾನೇ ಕೈಯಿಂದ ಕೊಡ್ತೀನಿ ಅಂದೆ. ಮಾವ ನನ್ನನ್ನ ನೋಡಿದ ನೋಟ ಮರೆಯೋಕಾಗಲ್ಲ. ನಾಲ್ಕೂವರೆಗೆ ಸಿಕ್ಕಿತು, ಒಂದು ಷೇರು ಶುಲ್ಕ ಎರಡು ಸಲ ಕೂತಿತ್ತು.

ಆ ನಾಲ್ಕು ದಿನದಲ್ಲಿ ಒಬ್ಬ ಹೆಂಗಸು ಬಂದಿದ್ದರು. ಅಡವಿಟ್ಟ ಸರ ಬಿಡಿಸ್ಕೊಳ್ಳೋಕೆ, ಮನೆಯಲ್ಲಿ ಮಗಳ ಸೀಮಂತ. ಗೂಡು ಮಾರಿದ ದುಡ್ಡಲ್ಲಿ ಫೆಬ್ರವರಿಯಲ್ಲಿ ಮೂರು ಕಂತಲ್ಲಿ ಸಾಲ ತೀರಿಸಿದ್ದರು. ಪರದೆಯ ಮೇಲೆ ಅವರ ಸಾಲ ಬಡ್ಡಿ ಸಮೇತ ಹಾಗೇ ನಿಂತಿತ್ತು, ಯಾಕಂದ್ರೆ ನಾವಿನ್ನೂ ಜನವರಿ ಹಾಳೆಗಳಲ್ಲೇ ಇದ್ವಿ. ‘ನಂಗೆ ಕಂಪ್ಯೂಟರ್ ಗೊತ್ತಾಗಲ್ಲ ಸಾಮಿ, ಚೀಟಿ ಐತೆ’ ಅಂತ ಪ್ಲಾಸ್ಟಿಕ್ ಕವರಿನಿಂದ ರಸೀದಿ ತೆಗೆದರು. ಎರಡೇ ಇದ್ದವು. ಮೂರನೇದು ಹುಡುಕಿದರು, ಕವರ್ ತಿರುಗಿಸಿ ಕೊಡವಿದರು. ಮುಖದಲ್ಲಿ ರಕ್ತ ಇರಲಿಲ್ಲ. ಮಾವ ‘ಕೂತ್ಕೊಳ್ಳಮ್ಮ, ನೀನು ಕಟ್ಟಿದ್ದೀಯ’ ಅಂದು ಫೆಬ್ರವರಿ ಕಟ್ಟು ಬಿಚ್ಚಿದರು. 22ನೇ ತಾರೀಖಿನ ಹಾಳೆಯಲ್ಲಿ ಆ ಕಂತು ಇತ್ತು. ಸರ ಅವತ್ತೇ ಕೊಟ್ಟರು.

ಆ ಹಾಳೆಗಳು ಇಲ್ಲದಿದ್ದರೆ? ಆಯಮ್ಮ ನಾಳೆ ಬನ್ನಿ, ನಾಡಿದ್ದು ಬನ್ನಿ ಅನ್ನಿಸಿಕೊಳ್ತಿದ್ದರು. ‘ಸರ್ವರ್ ಲೇದು’ ಅನ್ನೋ ಮಾತಿನ ಹಿಂದೆ ಈ ಸಲ ನಿಂತಿದ್ದವನು ನಾನು.

ದೊಡ್ಡವರಿಗೂ ಆಗಿದೆ

ಸಮಾಧಾನಕ್ಕೆ ಅಂತ ಅಲ್ಲ, ಆದರೆ ಇದು ಹಳ್ಳಿ ಆಫೀಸಿನ ಕಥೆ ಮಾತ್ರ ಅಂದ್ಕೋಬೇಡಿ. 2017ರ ಜನವರಿ 31ರಂದು, ಪ್ರಪಂಚದ ಲಕ್ಷಾಂತರ ಪ್ರೋಗ್ರಾಮರ್‌ಗಳು ಕೋಡ್ ಇಡೋ ಗಿಟ್‌ಲ್ಯಾಬ್‌ನಲ್ಲಿ ರಾತ್ರಿ ಹೊತ್ತು ದಣಿದಿದ್ದ ಇಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಅಳಿಸೋ ಆಜ್ಞೆ ಕೊಟ್ಟರು. ಸುಮಾರು 300 ಜಿಬಿ ಡೇಟಾಬೇಸ್ ಹೆಚ್ಚುಕಮ್ಮಿ ಪೂರ್ತಿ ಹೋಯ್ತು. ಬ್ಯಾಕಪ್‌ಗೆ ಒಂದಲ್ಲ, ಐದು ದಾರಿ ಇಟ್ಟಿದ್ದರು. ನೋಡಿದರೆ ದಿನದ ಬ್ಯಾಕಪ್ ಆವೃತ್ತಿ ಹೊಂದದೆ ವಿಫಲವಾಗುತ್ತಾ ಇತ್ತು. ವಿಫಲ ಅಂತ ತಿಳಿಸೋ ಇಮೇಲ್‌ಗಳು ಮೇಲ್ ವ್ಯವಸ್ಥೆಯಲ್ಲೇ ತಿರಸ್ಕಾರವಾಗಿ ಯಾರಿಗೂ ತಲುಪುತ್ತಿರಲಿಲ್ಲ. ನಮ್ಮ ‘ಇ’ ಡ್ರೈವಿನ ದೊಡ್ಡಣ್ಣ! ಯಾರೋ ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮುಂಚೆ ತೆಗೆದಿದ್ದ ನಕಲೊಂದು ಅದೃಷ್ಟಕ್ಕೆ ಸಿಕ್ಕಿ, ಆರು ಗಂಟೆಯ ಮಾಹಿತಿ ಮಾತ್ರ ಕಳೀತು. ಅವರು ಮುಚ್ಚಿಡಲಿಲ್ಲ, ರಿಪೇರಿ ಮಾಡೋದನ್ನ ನೇರ ಪ್ರಸಾರ ಮಾಡಿದರು, ಆಮೇಲೆ ಎಲ್ಲ ಬರೆದು ಹಾಕಿದರು. ಆ ಬರಹ ಓದುವಾಗ ಪ್ರತಿ ಸಾಲಲ್ಲೂ ನನ್ನ ಮುಖ ಕಾಣ್ತಿತ್ತು.

ಕ್ಲೌಡ್, ದೊಡ್ಡ ಕೇಂದ್ರೀಕೃತ ವ್ಯವಸ್ಥೆ ಬಂದರೆ ಈ ತಲೆನೋವು ಬೇರೆಯವರದ್ದಾಗುತ್ತೆ ಅನ್ನೋದು ಅರ್ಧ ನಿಜ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನೆಲ್ಲ ಒಂದೇ ತಂತ್ರಾಂಶಕ್ಕೆ ತರೋ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು, 63,000 ಸಂಘಗಳು, 2,516 ಕೋಟಿ ರೂಪಾಯಿ. ನಡೀಬೇಕಾದ ಕೆಲಸವೇ. ಆದರೆ 2024ರ ಜುಲೈ ಕೊನೆಗೆ ಸಣ್ಣ ಬ್ಯಾಂಕ್‌ಗಳಿಗೆ ತಂತ್ರಜ್ಞಾನ ಒದಗಿಸೋ ಒಂದೇ ಸಂಸ್ಥೆಗೆ ರ್‍ಯಾನ್ಸಮ್‌ವೇರ್ ತಗುಲಿದಾಗ ದೇಶದ ಸುಮಾರು 300 ಸಹಕಾರಿ, ಗ್ರಾಮೀಣ ಬ್ಯಾಂಕ್‌ಗಳ ಹಣ ಪಾವತಿ ಒಟ್ಟಿಗೇ ನಿಂತಿತ್ತು. ನಮ್ಮ ರಾಜ್ಯದಲ್ಲೇ 2025ರ ಶುರುವಿನಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ನಕಲಿ ವಿನಂತಿಗಳ ಮಳೆ ಸುರಿಸಿ ದಾಳಿ ಮಾಡಿದ್ದಾರೆ ಅಂತ ಪೊಲೀಸ್ ದೂರು ದಾಖಲಾಯ್ತು. ಉಪನೋಂದಣಿ ಕಚೇರಿಗಳ ಮುಂದೆ ಜನ ಕಾದು ವಾಪಸ್ ಹೋದರು. ಹತ್ತಿರದ ಸರ್ವರ್ ಕೆಟ್ಟರೆ ಒಂದು ಊರು ನಿಲ್ಲುತ್ತೆ, ದೂರದ್ದು ಕೆಟ್ಟರೆ ಜಿಲ್ಲೆಗಟ್ಟಲೆ ನಿಲ್ಲುತ್ತೆ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜೂ ಈಗ ಆನ್‌ಲೈನ್. ಗೂಡು ಕಾಯೋ ಪದಾರ್ಥ ಅಲ್ಲ, ಇಟ್ಟಷ್ಟೂ ತೂಕ ಇಳಿಯುತ್ತೆ. ಅಲ್ಲಿ ಲಾಟ್ ಹಿಡಿದು ನಿಂತ ರೈತನಿಗೆ ಅರ್ಧ ಗಂಟೆ ಅಂದ್ರೂ ದುಡ್ಡೇ.

ಯಾರ ಕೆಲಸ?

ಮಾರ್ಚ್ ಮುಗಿದ ಮೇಲೆ ನಾನು ತಾಂತ್ರಿಕವಾಗಿ ಏನೇನೋ ಬದಲಾಯಿಸಿದೆ. ಪೀಟರ್ ಕ್ರೋಗ್ ಅನ್ನೋ ಅಮೆರಿಕದ ಫೋಟೋಗ್ರಾಫರ್ ಪ್ರಚಾರಕ್ಕೆ ತಂದ 3–2–1 ಲೆಕ್ಕ ಇದೆಯಲ್ಲ, ಅದನ್ನೇ ಹಿಡಿದೆ. ಮೂರು ಪ್ರತಿ, ಎರಡು ಬೇರೆ ಬೇರೆ ಮಾಧ್ಯಮದಲ್ಲಿ, ಒಂದು ಬೇರೆ ಜಾಗದಲ್ಲಿ. ಎರಡು ಡಿಸ್ಕ್ ಸರದಿಯಲ್ಲಿ ಬರ್ತವೆ, ಒಂದು ಯಾವಾಗಲೂ ಮಾವನ ಮನೆ ಬೀರುವಿನಲ್ಲಿ. ರಾತ್ರಿ ಇಂಟರ್‌ನೆಟ್ ಇದ್ದಾಗ ಗೂಢಲಿಪಿ ಹಾಕಿದ ಒಂದು ಪ್ರತಿ ಕ್ಲೌಡ್‌ಗೂ ಹೋಗುತ್ತೆ. ಡ್ರೈವ್ ಅಕ್ಷರ ನಂಬೋದು ಬಿಟ್ಟು ಡಿಸ್ಕಿನ ಗುರುತಿನ ಸಂಖ್ಯೆ ನೋಡೋ ಹಾಗೆ ಸ್ಕ್ರಿಪ್ಟ್ ತಿದ್ದಿದೆ. ಬ್ಯಾಕಪ್ ಆಗದಿದ್ದರೆ ಅಷ್ಟೇ ಅಲ್ಲ, ಆದರೂ ಮೆಸೇಜ್ ಬರುತ್ತೆ. ಬರಬೇಕಾದ ಮೆಸೇಜ್ ಬರಲಿಲ್ಲ ಅಂದ್ರೆ ಏನೋ ಕೆಟ್ಟಿದೆ ಅಂತ ಗೊತ್ತಾಗಲಿ ಅಂತ.

ಇವೆಲ್ಲ ಒಂದು ವಾರದಲ್ಲಿ ಆದವು. ಕಷ್ಟ ಆಗಿದ್ದು ಆಡಳಿತ ಮಂಡಳಿ ಸಭೆಯಲ್ಲಿ. ಸರ್ವರ್ ಕೊಳ್ಳೋಕೆ ಲಕ್ಷ ರೂಪಾಯಿ ಒಂದೇ ಮಾತಿಗೆ ಒಪ್ಪಿದ್ದವರು, ಅದನ್ನ ನೋಡ್ಕೊಳ್ಳೋರಿಗೆ ತಿಂಗಳಿಗೆ ಇಷ್ಟು ಅಂತ ಕೊಡಬೇಕು ಅಂದಾಗ ಒಂದೂವರೆ ಗಂಟೆ ಚರ್ಚೆ ಮಾಡಿದರು. ‘ತಗೊಂಡಾಯ್ತಲ್ಲ, ಇನ್ನೇನು ನೋಡ್ಕೊಳ್ಳೋದು? ಹಸುನಾ ಅದು, ಮೇವು ಹಾಕೋಕೆ?’ ಅಂದರು ಒಬ್ಬ ನಿರ್ದೇಶಕರು. ನನಗೆ ತಡೆಯೋಕಾಗಲಿಲ್ಲ. ‘ಹುಳದ ಮನೆ ಅಂದ್ಕೊಳ್ಳಿ ಅಣ್ಣ. ಒಂದು ಹೊತ್ತು ಸೊಪ್ಪು ಹಾಕದೆ ಬಿಟ್ಟು, ಶಾಖ ನೋಡದೆ ಬಿಟ್ಟು, ಗೂಡು ಯಾಕೆ ಆಗಲಿಲ್ಲ ಅಂತ ಕೇಳ್ತೀರಾ?’ ಅಂದೆ. ಸುಮ್ಮನಾದರು. ಒಪ್ಪಿದರೋ ಬೇಜಾರಾದರೋ ಗೊತ್ತಿಲ್ಲ, ನಿರ್ಣಯ ಮಾತ್ರ ಪಾಸಾಯ್ತು.

ಈಗ ಆ ಕೆಲಸ ನೋಡ್ಕೊಳ್ಳೋಳು ಹೊಸದಾಗಿ ಸೇರಿದ ಆಪರೇಟರ್ ಹುಡುಗಿ. ಬಿಕಾಂ ಓದಿದ್ದಾಳೆ, ನೆಟ್‌ವರ್ಕ್ ಅಂದ್ರೆ ಏನು ಅಂತ ಮೊದಲು ಗೊತ್ತಿರಲಿಲ್ಲ. ಅವಳ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇದೆ. ಯಾವ ತಂತಿ ಎಲ್ಲಿಗೆ, ಯಾವ ಯಂತ್ರಕ್ಕೆ ಯಾವ ವಿಳಾಸ, ಯುಪಿಎಸ್ ಬ್ಯಾಟರಿ ಯಾವತ್ತು ಹಾಕಿದ್ದು, ಯಾವ ಸದ್ದು ಬಂದರೆ ಯಾರಿಗೆ ಫೋನ್ ಮಾಡೋದು, ಎಲ್ಲ ಕನ್ನಡದಲ್ಲಿ. ಸರ್ವರಿನ ಗಡಿಯಾರ ಸರಿ ಇದೆಯಾ ಅಂತ ಬೆಳಿಗ್ಗೆ ತನ್ನ ಮೊಬೈಲಿಗೆ ಹೋಲಿಸಿ ನೋಡ್ತಾಳೆ. ಒಂದು ಸಲ ಒಳಗಿನ ನಾಣ್ಯದಂಥ ಸಣ್ಣ ಬ್ಯಾಟರಿ ಸತ್ತು ಸರ್ವರ್ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದನ್ನ, ಯಾರದೋ ಬಡ್ಡಿ ಲೆಕ್ಕ ಕೆಡೋ ಮುಂಚೆ ಹಿಡಿದವಳು ಅವಳೇ. ನಾನು ಹೇಳಿಕೊಟ್ಟಿರಲಿಲ್ಲ.

ತಿಂಗಳ ಮೊದಲ ಶನಿವಾರ ಬ್ಯಾಕಪ್‌ನಿಂದ ಲೆಕ್ಕವನ್ನ ಒಂದು ಹಳೇ ಕಂಪ್ಯೂಟರಿಗೆ ಇಳಿಸಿ ತೆರೆದು ನೋಡ್ತಾಳೆ. ಮಾವನ ಹಾಳೆ ಪಕ್ಕ ಇಟ್ಟುಕೊಂಡು ಐದು ಖಾತೆ ತಾಳೆ ಹಾಕ್ತಾಳೆ. ಮಾವ ಇನ್ನೂ ದಿನಾ ಸಂಜೆ ಹಾಳೆ ಪ್ರಿಂಟ್ ತೆಗೀತಾರೆ. ಪೇಪರ್ ವೇಸ್ಟ್ ಅಂತ ನಾನೀಗ ಹೇಳಲ್ಲ.

ಹೋದ ಶನಿವಾರ ಮಧ್ಯಾಹ್ನ ಬಂದ ಅವಳ ಮೆಸೇಜ್ ಹೀಗಿತ್ತು: ‘ಇಳಿಸಿದೆ ಅಣ್ಣ. ಶುಕ್ರವಾರದ ಲೆಕ್ಕ ಸರಿ ಇದೆ. ಯುಪಿಎಸ್ ಪ್ಲಗ್ ತೆಗೆದು ನೋಡಿದೆ, ಹನ್ನೊಂದೇ ನಿಮಿಷ ನಿಂತಿತು, ಬ್ಯಾಟರಿ ಬದಲಾಯಿಸಬೇಕು. ಸ್ವಿಚ್ ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು, ತೆಗೆದೆ. ಗುಂಡಿಗೆ ನೀರು ಹಾಕಿದೆ.’